ದೀರ್ಘಕಾಲದ ಐ.ವಿ. ನಳಿಕೆ ಜಾರದಂತೆ ನೋಡಿಕೊಳ್ಳುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ವಾರಗಟ್ಟಲೆ ಆಂಟಿಬಯೋಟಿಕ್ ಬೇಕಾದವರು, ಕೀಮೋಥೆರಪಿ ಪಡೆಯುವವರು, ಡಯಾಲಿಸಿಸ್‌ನಲ್ಲಿರುವವರು, ಬಾಯಿಂದ ಆಹಾರ ಸೇವಿಸಲಾಗದೆ ರಕ್ತನಾಳದ ಮೂಲಕವೇ ಪೋಷಣೆ ಪಡೆಯುವವರು ತಮ್ಮ ರಕ್ತನಾಳದಲ್ಲಿ ಒಂದು ನಳಿಕೆಯನ್ನು (ಆಸ್ಪತ್ರೆಯ ಮಾತಿನಲ್ಲಿ ಲೈನ್) ಇಟ್ಟುಕೊಂಡೇ ದಿನ ಕಳೆಯಬೇಕಾಗುತ್ತದೆ. ಅಂಥವರು, ಅವರ ಮನೆಯವರು ಮತ್ತು ಹೊಸದಾಗಿ ಕೆಲಸಕ್ಕೆ ಸೇರಿದ ನರ್ಸ್‌ಗಳು ಮಾತಿನಲ್ಲೂ ಪತ್ರಗಳಲ್ಲೂ ಮತ್ತೆ ಮತ್ತೆ ಕೇಳಿರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಲಾಗಿದೆ. ನಿಮ್ಮ ವೈದ್ಯರು ನಿಮಗೆಂದೇ ಹೇಳಿದ ಸೂಚನೆ ಇಲ್ಲಿನ ಉತ್ತರಕ್ಕಿಂತ ಬೇರೆಯಾಗಿದ್ದರೆ ಅವರ ಮಾತನ್ನೇ ಅನುಸರಿಸಿ.

## ಮೊದಲು ತಿಳಿಯಬೇಕಾದದ್ದು

ಕೈಗೆ ಹಾಕುವ ಸಾಮಾನ್ಯ ಡ್ರಿಪ್ ಸೂಜಿಗೂ ಈ ಲೈನಿಗೂ ಏನು ವ್ಯತ್ಯಾಸ?

ಮುಂಗೈಗೆ ಹಾಕುವ ಕ್ಯಾನುಲಾ ಕೆಲವೇ ಸೆಂಟಿಮೀಟರ್ ಉದ್ದದ್ದು. ಅದು ಹೊರಬಂದರೆ ಇನ್ನೊಂದು ಕಡೆ ಹಾಕುತ್ತಾರೆ. ದೀರ್ಘಕಾಲದ ಲೈನ್ ಹಾಗಲ್ಲ. ತೋಳಿನ ಅಭಿಧಮನಿಯಿಂದ ಹೊರಡುವ ಪಿಕ್ ಲೈನ್ ಹೆಗಲಿನ ಕೆಳಗೆ ಹಾದು, ಹೃದಯಕ್ಕೆ ರಕ್ತ ತರುವ ದೊಡ್ಡ ಅಭಿಧಮನಿಯ ಕೆಳಭಾಗದಲ್ಲಿ, ಹೃದಯದ ಬಾಗಿಲಲ್ಲೇ ಕೊನೆಗೊಳ್ಳುತ್ತದೆ. ಎದೆಯಿಂದ ಹೊರಬರುವ ಹಿಕ್‌ಮನ್ ಲೈನ್, ಡಯಾಲಿಸಿಸ್‌ನ ಪರ್ಮ್‌ಕ್ಯಾತ್ ಮತ್ತು ಚರ್ಮದೊಳಗೆ ಹುದುಗಿಸುವ ಕೀಮೋ ಪೋರ್ಟ್ ಕೂಡ ಹೆಚ್ಚುಕಡಿಮೆ ಅಲ್ಲಿಗೇ ತಲುಪುತ್ತವೆ. ಅಲ್ಲಿ ರಕ್ತದ ಹರಿವು ಜೋರಾಗಿರುವುದರಿಂದ ತೀಕ್ಷ್ಣವಾದ ಔಷಧವೂ ಬೇಗನೆ ತೆಳುವಾಗಿ, ರಕ್ತನಾಳದ ಗೋಡೆಯನ್ನು ಸುಡುವುದಿಲ್ಲ. ನಳಿಕೆಯ ತುದಿ ಅದೇ ಜಾಗದಲ್ಲಿ ನಿಂತಿರುವವರೆಗೆ ಮಾತ್ರ ಈ ಅನುಕೂಲ ಎಂಬುದನ್ನು ನೆನಪಿಡಬೇಕು.

ಸ್ವಲ್ಪ ಅಲ್ಲಾಡಿದರೆ ಏನಾಗಿಬಿಡುತ್ತದೆ? ಪೂರ್ತಿ ಹೊರಬಂದರೆ ತಾನೇ ತೊಂದರೆ?

ಈ ಪುಟದಲ್ಲಿ ಒಂದೇ ಉತ್ತರವನ್ನು ಓದಲು ಸಮಯವಿದ್ದರೆ ಇದನ್ನು ಓದಿ. ನಳಿಕೆ ಕಿತ್ತುಬರುವುದು ಕಣ್ಣಿಗೆ ಕಾಣುವ ಅವಘಡ. ಆದರೆ ಹೆಚ್ಚಿನ ಕೇಡು ನಡೆಯುವುದು ಯಾರ ಗಮನಕ್ಕೂ ಬಾರದ ಸಣ್ಣ ಚಲನೆಯಿಂದ. ತೋಳು ಮಡಚಿ ಬಿಡಿಸಿದಾಗಲೆಲ್ಲ ಸರಿಯಾಗಿ ಭದ್ರಪಡಿಸದ ನಳಿಕೆ ಚರ್ಮದ ರಂಧ್ರದಲ್ಲಿ ಕೆಲವು ಮಿಲಿಮೀಟರ್‌ನಷ್ಟು ಒಳಕ್ಕೂ ಹೊರಕ್ಕೂ ಸರಿದಾಡುತ್ತದೆ. ಹೊರಗೆ ಬಂದ ಭಾಗಕ್ಕೆ ಚರ್ಮದ ಮೇಲಿನ ಬ್ಯಾಕ್ಟೀರಿಯಾ ಅಂಟಿಕೊಳ್ಳುತ್ತವೆ. ಮತ್ತೆ ಒಳಗೆ ಸರಿಯುವಾಗ ಅವೂ ಜೊತೆಗೇ ಹೋಗುತ್ತವೆ. ರಕ್ತಕ್ಕೆ ಸೋಂಕು ತಗಲುವ ದಾರಿಗಳಲ್ಲಿ ಇದೂ ಒಂದು. ಅದೇ ಚಲನೆ ಅಭಿಧಮನಿಯ ಒಳಪದರವನ್ನು ಉಜ್ಜುತ್ತದೆ. ಉಜ್ಜಿ ಗಾಯವಾದ ಕಡೆ ಊತ ಬರುತ್ತದೆ, ರಕ್ತ ಹೆಪ್ಪುಗಟ್ಟಲು ಜಾಗ ಸಿಗುತ್ತದೆ. ಇನ್ನು ನಳಿಕೆ ದಿನಕ್ಕಿಷ್ಟು ಎಂದು ಹೊರಸರಿದರೆ ಅದರ ತುದಿ ದೊಡ್ಡ ಅಭಿಧಮನಿಯನ್ನು ಬಿಟ್ಟು ಸಣ್ಣದರೊಳಗೆ ಬಂದು ನಿಲ್ಲುತ್ತದೆ. ಆ ಸ್ಥಿತಿಯಲ್ಲಿ ಕೀಮೋ ಔಷಧ ಕೊಟ್ಟರೆ ಅದು ಸಣ್ಣ ರಕ್ತನಾಳಕ್ಕೆ ಹಾನಿ ಮಾಡಬಹುದು. ಸೋಂಕು, ಹೆಪ್ಪು, ತುದಿಯ ಸ್ಥಾನಪಲ್ಲಟ ಎಂದು ನಾವು ಬೇರೆ ಬೇರೆಯಾಗಿ ಹೆಸರಿಸುವ ತೊಂದರೆಗಳಿಗೆ ಹಲವು ಬಾರಿ ಮೂಲ ಇದೊಂದೇ ಆಗಿರುತ್ತದೆ.

ಮೇಲೆ ಗಟ್ಟಿಯಾಗಿ ಪ್ಲಾಸ್ಟರ್ ಅಂಟಿಸಿದರೆ ಸಾಲದೇ?

ಸಾಲದು. ಬಟ್ಟೆಯ ಪ್ಲಾಸ್ಟರ್ ಬೆವರಿಗೆ ಸಡಿಲಗೊಳ್ಳುತ್ತದೆ, ಅದರ ಅಡಿಯಲ್ಲಿ ಏನಾಗುತ್ತಿದೆ ಎಂಬುದು ಕಾಣುವುದಿಲ್ಲ, ತೆಗೆಯುವಾಗ ನಳಿಕೆಗೂ ಅಂಟಿ ಅದನ್ನು ಎಳೆಯುತ್ತದೆ. ಪಾರದರ್ಶಕ ಡ್ರೆಸ್ಸಿಂಗ್ ಕೂಡ ಮುಖ್ಯವಾಗಿ ಗಾಯವನ್ನು ಮುಚ್ಚಿಡುವ ಸಾಧನ. ನಳಿಕೆಯನ್ನು ಹಿಡಿದಿಡುವ ಹೊಣೆಯನ್ನು ಅದೊಂದರ ಮೇಲೆಯೇ ಹೊರಿಸಬಾರದು. ಮುಚ್ಚಲು ಒಂದು, ಹಿಡಿದಿಡಲು ಇನ್ನೊಂದು ಎಂಬ ಎರಡು ವ್ಯವಸ್ಥೆ ಇರಬೇಕು.

ನನಗೆ ಹೊಲಿಗೆಯನ್ನೇ ಹಾಕಿಲ್ಲ, ಏನೋ ಕ್ಲಿಪ್ ಥರದ್ದು ಅಂಟಿಸಿದ್ದಾರೆ. ಇದು ಭದ್ರವೇ?

ಭದ್ರವೇ. ಹಿಂದೆ ಪಿಕ್ ಲೈನನ್ನು ಚರ್ಮಕ್ಕೆ ರೇಷ್ಮೆ ಅಥವಾ ನೈಲಾನ್ ದಾರದಿಂದ ಹೊಲಿಯುವುದು ವಾಡಿಕೆಯಾಗಿತ್ತು. ಆದರೆ ಹೊಲಿಗೆ ಹಾಕಿದ ಪ್ರತಿ ರಂಧ್ರವೂ ನಳಿಕೆಯ ಪಕ್ಕದಲ್ಲೇ ಇರುವ ಒಂದು ಪುಟ್ಟ ಗಾಯ. ಅಲ್ಲಿ ಬ್ಯಾಕ್ಟೀರಿಯಾ ಪದರಗಟ್ಟಿ ಬೆಳೆಯುತ್ತವೆ. ಹೊಲಿಯುವವರಿಗೆ ಸೂಜಿ ಚುಚ್ಚುವ ಅಪಾಯವೂ ಇದೆ. ಸೋಂಕಿನ ಅಪಾಯ ತಗ್ಗಿಸಲು ಹೊಲಿಗೆಯಿಲ್ಲದ ಸಾಧನವನ್ನು ಬಳಸಬೇಕೆಂದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2011ರ ಮಾರ್ಗಸೂಚಿಯಲ್ಲೇ ಹೇಳಿದೆ. ನಿಮಗೆ ಅಂಟಿಸಿರುವ ಸಾಧನದ ತಳ ಚರ್ಮಕ್ಕೆ ಅಂಟಿರುತ್ತದೆ, ಮೇಲಿನ ಪುಟ್ಟ ಹಿಡಿಕೆ ನಳಿಕೆಯ ರೆಕ್ಕೆಗಳನ್ನು, ಅಂದರೆ ಹೊರಭಾಗದಲ್ಲಿ ಎರಡೂ ಬದಿಗೆ ಚಾಚಿದ ಪುಟ್ಟ ಪಟ್ಟಿಗಳನ್ನು, ಕಚ್ಚಿಕೊಂಡಿರುತ್ತದೆ. ಸಾಮಾನ್ಯವಾಗಿ ಡ್ರೆಸ್ಸಿಂಗ್ ಜೊತೆಗೆ ವಾರಕ್ಕೊಮ್ಮೆ ಅದನ್ನೂ ಬದಲಿಸುತ್ತಾರೆ.

ಆದರೆ ಎದೆಯ ಲೈನಿಗೆ ಹೊಲಿಗೆ ಹಾಕಿದ್ದಾರಲ್ಲ? ಅದನ್ನು ಯಾವಾಗ ತೆಗೆಯುತ್ತಾರೆ?

ಹಿಕ್‌ಮನ್ ಮತ್ತು ಪರ್ಮ್‌ಕ್ಯಾತ್ ಲೈನ್‌ಗಳು ರಕ್ತನಾಳದಿಂದ ನೇರವಾಗಿ ಹೊರಬರದೆ ಚರ್ಮದಡಿಯಲ್ಲಿ ಒಂದಿಷ್ಟು ದೂರ ಸುರಂಗದಂತೆ ಸಾಗಿ ಹೊರಬರುತ್ತವೆ. ಆ ಸುರಂಗದೊಳಗೆ ನಳಿಕೆಯ ಸುತ್ತ ಡಕ್ರಾನ್ ನೂಲಿನ ಒಂದು ಪಟ್ಟಿ ಇರುತ್ತದೆ. ಇದನ್ನು ಕಫ್ ಎನ್ನುತ್ತಾರೆ. ದೇಹದ ಅಂಗಾಂಶ ನಿಧಾನವಾಗಿ ಈ ನೂಲಿನೊಳಗೆ ಬೆಳೆದು, ನಳಿಕೆಗೆ ಶಾಶ್ವತವಾದ ಆಧಾರವೂ ಹೊರಗಿನ ಬ್ಯಾಕ್ಟೀರಿಯಾಗಳಿಗೆ ತಡೆಯೂ ಆಗುತ್ತದೆ. ಇದಕ್ಕೆ ಸಾಮಾನ್ಯವಾಗಿ ಮೂರರಿಂದ ನಾಲ್ಕು ವಾರ ಬೇಕು. ಅಲ್ಲಿಯವರೆಗೆ ಹಿಡಿದಿಡಲೆಂದೇ ಆ ಹೊಲಿಗೆ. ಹೊಲಿಗೆ ತಾನಾಗಿ ಬೇಗ ಬಿಚ್ಚಿಕೊಂಡರೆ ಅಥವಾ ಕಫ್‌ನ ಬಿಳಿ ಪಟ್ಟಿ ಚರ್ಮದಿಂದ ಹೊರಗೆ ಕಾಣಿಸಿಕೊಂಡರೆ ಆಸ್ಪತ್ರೆಗೆ ತಿಳಿಸಿ. ಕಫ್ ಹೊರಬಂದ ಲೈನಿಗೆ ಆಧಾರವೂ ಇಲ್ಲ, ತಡೆಯೂ ಇಲ್ಲ.

ಪೋರ್ಟ್ ಚರ್ಮದೊಳಗೇ ಇದೆ. ಅದಕ್ಕೂ ಇದೆಲ್ಲ ಬೇಕೇ?

ಸೂಜಿ ಚುಚ್ಚದೆ ಇರುವಾಗ ಬೇಡ. ಸೂಜಿ ಒಳಗಿರುವಾಗ ಮಾತ್ರ ಖಂಡಿತ ಬೇಕು. ಪೋರ್ಟಿಗೆಂದೇ ಇರುವ ಹ್ಯೂಬರ್ ಸೂಜಿ ಅರ್ಧ ಜಾರಿ ಚರ್ಮದಡಿಯಲ್ಲಿ ನಿಂತರೆ ಔಷಧ ರಕ್ತಕ್ಕೆ ಸೇರದೆ ಎದೆಯ ಅಂಗಾಂಶಕ್ಕೆ ಸುರಿಯುತ್ತದೆ, ಮತ್ತು ಕೆಲವು ಕೀಮೋ ಔಷಧಗಳು ಹಾಗೆ ಸೋರಿದಾಗ ಅಂಗಾಂಶವೇ ಕೊಳೆಯುತ್ತದೆ. ಔಷಧ ಹೋಗುತ್ತಿರುವಾಗ ಉರಿ, ನೋವು ಅಥವಾ ಊತ ಕಂಡರೆ ಹತ್ತಿರದಲ್ಲಿರುವ ನರ್ಸನ್ನು ತಕ್ಷಣ ಕರೆಯಿರಿ. ಬಾಟಲಿ ಮುಗಿಯಲಿ ಎಂದು ಕಾಯಬೇಡಿ. ಸೂಜಿಯನ್ನು ಒಳಗೇ ಬಿಡುವುದಾದರೆ ಅದನ್ನೂ ಡ್ರೆಸ್ಸಿಂಗನ್ನೂ ವಾರಕ್ಕೊಮ್ಮೆ ಬದಲಿಸಬೇಕು.

## ಮನೆಯಲ್ಲಿ ದಿನನಿತ್ಯ

ಡ್ರೆಸ್ಸಿಂಗ್ ಎಷ್ಟು ದಿನಕ್ಕೊಮ್ಮೆ ಬದಲಿಸಬೇಕು?

ಪಾರದರ್ಶಕ ಡ್ರೆಸ್ಸಿಂಗನ್ನು 7 ದಿನಕ್ಕೊಮ್ಮೆ, ಅಡಿಯಲ್ಲಿ ಗಾಜ್ ಬಟ್ಟೆ ಇದ್ದರೆ 2 ದಿನಕ್ಕೊಮ್ಮೆ ಬದಲಿಸುವುದು ಸಾಮಾನ್ಯ ನಿಯಮ. ಒದ್ದೆಯಾದರೆ, ಕೊಳೆಯಾದರೆ, ಸಡಿಲವಾದರೆ ಅಥವಾ ಅಡಿಯಲ್ಲಿ ರಕ್ತ ಕಂಡರೆ ದಿನ ಲೆಕ್ಕ ಹಾಕದೆ ಆಗಲೇ ಬದಲಿಸಬೇಕು. ಏನೂ ಆಗದ ಡ್ರೆಸ್ಸಿಂಗನ್ನು ಸ್ವಚ್ಛತೆಯ ಹೆಸರಿನಲ್ಲಿ ದಿನವೂ ಬಿಚ್ಚುವುದು ಒಳ್ಳೆಯದಲ್ಲ. ಪ್ರತಿ ಬಾರಿ ಬಿಚ್ಚಿದಾಗಲೂ ನಳಿಕೆ ಅಲ್ಲಾಡುತ್ತದೆ, ಚರ್ಮ ಸವೆಯುತ್ತದೆ.

ಒಂದು ಅಂಚು ಮಾತ್ರ ಎದ್ದಿದೆ. ಅದರ ಮೇಲೆ ಟೇಪ್ ಹಾಕಿಕೊಳ್ಳಲೇ?

ನರ್ಸ್ ಬರುವವರೆಗೆ, ಅಥವಾ ನೀವು ಆಸ್ಪತ್ರೆ ತಲುಪುವವರೆಗೆ, ನಳಿಕೆ ಎಳೆಯದಂತೆ ಟೇಪ್ ಹಾಕಿ ಹಿಡಿದುಕೊಳ್ಳಬಹುದು. ಅದು ತಾತ್ಕಾಲಿಕ ಉಪಾಯ, ಪರಿಹಾರವಲ್ಲ. ಎದ್ದ ಅಂಚಿನಿಂದ ಒಳಹೊಕ್ಕ ತೇವ ಮತ್ತು ಕೊಳೆಯನ್ನು ಮೇಲಿನ ಟೇಪ್ ಒಳಗೇ ಕೂಡಿಹಾಕುತ್ತದೆ. ಎದ್ದಿರುವ ಅಂಚು ನಳಿಕೆ ಹೊರಬರುವ ರಂಧ್ರದವರೆಗೆ ತಲುಪಿದ್ದರೆ ಅದೇ ದಿನ ಬದಲಿಸಿಕೊಳ್ಳಿ.

ಸ್ನಾನ ಹೇಗೆ ಮಾಡುವುದು?

ನೀರು ತಾಗದ ಹೊದಿಕೆಯನ್ನು ಡ್ರೆಸ್ಸಿಂಗ್‌ಗಿಂತ ಮೇಲೆ ಮತ್ತು ಕೆಳಗೆ ಸಾಕಷ್ಟು ಚಾಚುವಂತೆ ಸುತ್ತಿ, ತೋಳನ್ನು ನೀರಿನ ಧಾರೆಯಿಂದ ಆಚೆ ಇಟ್ಟುಕೊಂಡು ಸ್ನಾನ ಮಾಡಬಹುದು. ಹೊದಿಕೆಯನ್ನು ತೆಗೆಯುವಾಗಲೇ ಹೆಚ್ಚಿನವರ ನಳಿಕೆ ಸಿಕ್ಕಿಕೊಳ್ಳುವುದು: ಒದ್ದೆ ಕೈಯಿಂದ ಒಮ್ಮೆಲೇ ಜಗ್ಗದೆ, ಮೊದಲು ಮೈ ಒರೆಸಿಕೊಂಡು, ಇನ್ನೊಂದು ಕೈಯಿಂದ ನಳಿಕೆಯ ತುದಿಯನ್ನು ಹೊದಿಕೆಯ ಮೇಲಿನಿಂದಲೇ ಒತ್ತಿಹಿಡಿದು ಬಿಚ್ಚಿ. ಹೊರಗೆ ನಳಿಕೆ ಇರುವವರು ಈಜುವುದನ್ನು ಮತ್ತು ನೀರಿನ ತೊಟ್ಟಿಯಲ್ಲಿ ಮುಳುಗಿ ಕೂರುವುದನ್ನು ಬಿಡಬೇಕು.

ಪಿಕ್ ಲೈನ್ ಇರುವ ಕೈಯಿಂದ ಕೆಲಸ ಮಾಡಬಹುದೇ? ಆ ಮಗ್ಗುಲಿಗೆ ಮಲಗಬಹುದೇ?

ಬರೆಯುವುದು, ಊಟ ಮಾಡುವುದು, ತಲೆ ಬಾಚುವುದು ಎಲ್ಲವೂ ಸರಿಯೇ. ಕೈಯನ್ನು ಅಲುಗಿಸದೆ ಎದೆಗೊತ್ತಿಕೊಂಡು ಕೂರುವುದೇ ತಪ್ಪು, ಏಕೆಂದರೆ ನಿಂತ ರಕ್ತ ಹೆಪ್ಪುಗಟ್ಟುತ್ತದೆ. ತುಂಬಿದ ಬಿಂದಿಗೆ ಎತ್ತುವುದು, ಒಂದೇ ಚಲನೆಯನ್ನು ಬಹಳ ಹೊತ್ತು ಜೋರಾಗಿ ಮಾಡುವುದು, ಊರುಗೋಲಿನ ಮೇಲೆ ಆ ಕಡೆಯಿಂದ ಭಾರ ಹಾಕುವುದು ಬೇಡ. ಆ ತೋಳಿನಲ್ಲಿ ರಕ್ತದೊತ್ತಡ ನೋಡಿಸಿಕೊಳ್ಳಬೇಡಿ. ಮಲಗುವಾಗ ಇನ್ನೊಂದು ಮಗ್ಗುಲು ಒಳ್ಳೆಯದು. ಹೊರಗಿನ ನಳಿಕೆಯನ್ನು ಸಡಿಲವಾದ ಜಾಳಿಗೆಯ ತೋಳುಪಟ್ಟಿಯೊಳಗೆ ಸೇರಿಸಿಟ್ಟರೆ ನಿದ್ದೆಯಲ್ಲಿ ಹೊದಿಕೆಗೆ ಸಿಕ್ಕುವುದಿಲ್ಲ. ಅಂಗಿ ಹಾಕಿಕೊಳ್ಳುವಾಗ ಲೈನ್ ಇರುವ ಕೈ ಮೊದಲು, ಬಿಚ್ಚುವಾಗ ಆ ಕೈ ಕೊನೆಗೆ.

ಅಂಟಿನ ಜಾಗದಲ್ಲಿ ಚರ್ಮ ಕೆಂಪಾಗಿ ಕೆರೆಯುತ್ತಿದೆ. ಏನು ಮಾಡಲಿ?

ಕೆಂಪು ಎಲ್ಲಿದೆ ಎಂಬುದನ್ನು ಮೊದಲು ನೋಡಿ. ಡ್ರೆಸ್ಸಿಂಗ್‌ನ ಆಕಾರದಲ್ಲೇ, ಅದರ ಅಂಚಿನವರೆಗೆ ಚೌಕಾಕಾರವಾಗಿ ಕೆಂಪಾಗಿದ್ದರೆ ಅಂಟಿಗೋ ಚರ್ಮ ಒರೆಸಿದ ದ್ರವಕ್ಕೋ ಬಂದ ಪ್ರತಿಕ್ರಿಯೆ ಇರಬಹುದು. ನಳಿಕೆಯ ರಂಧ್ರದ ಸುತ್ತ ಮಾತ್ರ ಕೆಂಪು, ನೋವು, ಕೀವು ಇದ್ದರೆ ಸೋಂಕಿನ ಅನುಮಾನ ಪಡಬೇಕು. ಅಂಟಿನ ತೊಂದರೆಯಾದರೆ ಕ್ರೀಮ್ ಅಥವಾ ಎಣ್ಣೆ ಹಚ್ಚಬೇಡಿ. ಮುಂದಿನ ಡ್ರೆಸ್ಸಿಂಗ್ ಅಂಟದೆ ನಳಿಕೆಯೇ ಜಾರುತ್ತದೆ. ಚರ್ಮ ರಕ್ಷಿಸುವ ಬ್ಯಾರಿಯರ್ ಫಿಲ್ಮ್ ಹಚ್ಚಿ ಒಣಗಿಸಿ ಅಂಟಿಸುವುದು, ಬೇರೆ ಬಗೆಯ ಡ್ರೆಸ್ಸಿಂಗ್‌ಗೆ ಬದಲಾಗುವುದು ನರ್ಸ್‌ಗಳ ಕೈಯಲ್ಲಿರುವ ಉಪಾಯಗಳು. ಕೆರೆತವನ್ನು ಸಹಿಸಿಕೊಂಡು ಸುಮ್ಮನಿರಬೇಡಿ; ಗಾಯಗೊಂಡ ಚರ್ಮಕ್ಕೆ ಯಾವ ಸಾಧನವೂ ಸರಿಯಾಗಿ ಅಂಟುವುದಿಲ್ಲ.

ಮಗು ಲೈನನ್ನು ಎಳೆಯುತ್ತಲೇ ಇರುತ್ತದೆ. ಕೈ ಕಟ್ಟಿಹಾಕಬೇಕೇ?

ಕಟ್ಟಬೇಡಿ. ಕಾಣದ ವಸ್ತುವನ್ನು ಮಗು ಎಳೆಯುವುದಿಲ್ಲ. ಎದೆಯ ಲೈನಾದರೆ ಹೊರಗಿನ ಭಾಗವನ್ನು ಸುರುಳಿ ಮಾಡಿ ಡ್ರೆಸ್ಸಿಂಗ್‌ನಿಂದ ಒಂದಿಷ್ಟು ದೂರದಲ್ಲಿ ಚರ್ಮಕ್ಕೆ ಇನ್ನೊಂದು ಕಡೆ ಅಂಟಿಸಿ, ಮೇಲೆ ಮೈಗೆ ಒತ್ತುವ ಒಳಂಗಿ ತೊಡಿಸಿ. ಆ ಸುರುಳಿಯೇ ದೊಡ್ಡ ರಕ್ಷಣೆ: ಯಾರಾದರೂ ಜಗ್ಗಿದರೆ ಮೊದಲು ಸುರುಳಿ ಬಿಚ್ಚಿಕೊಳ್ಳುತ್ತದೆ, ಎಳೆತ ರಂಧ್ರದವರೆಗೆ ತಲುಪುವುದಿಲ್ಲ. ಇದು ದೊಡ್ಡವರಿಗೂ ಅನ್ವಯಿಸುತ್ತದೆ. ಉಡುಪಿಗೆ ಪಿನ್ ಚುಚ್ಚಿ ಲೈನನ್ನು ಸಿಕ್ಕಿಸಬೇಡಿ, ಲೈನಿನ ಹತ್ತಿರ ಕತ್ತರಿ ತರಲೇಬೇಡಿ.

## ತೊಂದರೆ ಕಂಡಾಗ

ನಳಿಕೆ ಎರಡು ಮೂರು ಸೆಂಟಿಮೀಟರ್ ಹೊರಗೆ ಬಂದಂತೆ ಕಾಣುತ್ತದೆ. ಮೆಲ್ಲನೆ ಒಳಗೆ ತಳ್ಳಬಹುದೇ?

ಎಂದಿಗೂ ತಳ್ಳಬಾರದು. ಹೊರಗೆ ಬಂದ ಭಾಗ ಈಗ ಶುದ್ಧವಲ್ಲ. ತಳ್ಳಿದರೆ ಬ್ಯಾಕ್ಟೀರಿಯಾವನ್ನು ನೇರ ರಕ್ತಕ್ಕೆ ಸೇರಿಸಿದಂತೆ. ಇದ್ದಲ್ಲಿಯೇ ಟೇಪ್ ಹಾಕಿ ನಿಲ್ಲಿಸಿ, ಅದರೊಳಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಫೋನ್ ಮಾಡಿ. ಅಲ್ಲಿ ಕೇಳುವ ಮೊದಲ ಪ್ರಶ್ನೆ ಒಂದೇ: ಮೊದಲು ಹೊರಗೆ ಎಷ್ಟು ಉದ್ದ ಇತ್ತು? ಲೈನ್ ಹಾಕಿದ ದಿನವೇ, ರಂಧ್ರದಿಂದ ರೆಕ್ಕೆಯವರೆಗೆ ಹೊರಗಿರುವ ಉದ್ದವನ್ನು ಸೆಂಟಿಮೀಟರ್‌ನಲ್ಲಿ ಕೇಳಿ ಬರೆದಿಟ್ಟುಕೊಳ್ಳಿ. ಬಹಳಷ್ಟು ನಳಿಕೆಗಳ ಮೇಲೆ ಸೆಂಟಿಮೀಟರ್ ಗುರುತು ಅಚ್ಚಾಗಿಯೇ ಇರುತ್ತದೆ. ರಂಧ್ರದ ಬಳಿ ಯಾವ ಅಂಕಿ ಕಾಣುತ್ತದೆ ಎಂದು ಪಾರದರ್ಶಕ ಡ್ರೆಸ್ಸಿಂಗ್‌ನ ಮೂಲಕವೇ ಓದಬಹುದು. ಆ ಅಂಕಿ ಬದಲಾಗಿದ್ದರೆ ಎಕ್ಸ್‌ರೇ ತೆಗೆಸಿ ತುದಿ ಎಲ್ಲಿದೆ ಎಂದು ತಿಳಿದ ಮೇಲೆಯೇ ಲೈನನ್ನು ಮತ್ತೆ ಬಳಸಬೇಕೋ ಬೇಡವೋ ಎಂದು ವೈದ್ಯರು ತೀರ್ಮಾನಿಸುತ್ತಾರೆ.

ಲೈನ್ ಪೂರ್ತಿ ಹೊರಗೆ ಬಂದರೆ? ಅಥವಾ ತುಂಡಾದರೆ?

ಪೂರ್ತಿ ಹೊರಬಂದರೆ ಶುದ್ಧವಾದ ಗಾಜ್ ಇಟ್ಟು ಗಟ್ಟಿಯಾಗಿ ಒತ್ತಿಹಿಡಿದು ಅಂಗಾತ ಮಲಗಿಸಿ. ಎದೆಯ ಅಥವಾ ಕುತ್ತಿಗೆಯ ಲೈನಾದರೆ ಮಲಗಿಸುವುದು ಇನ್ನೂ ಮುಖ್ಯ, ಏಕೆಂದರೆ ಕುಳಿತಿರುವಾಗ ಉಸಿರೆಳೆದರೆ ತೆರೆದ ದಾರಿಯಿಂದ ಗಾಳಿ ರಕ್ತನಾಳದೊಳಗೆ ನುಗ್ಗಬಹುದು. ಹೊರಬಂದ ನಳಿಕೆಯನ್ನು ಎಸೆಯದೆ ಜೊತೆಗೆ ಒಯ್ಯಿರಿ. ಅದರ ಉದ್ದವನ್ನು ಅಳೆದು ತುಂಡೇನಾದರೂ ಒಳಗೆ ಉಳಿದಿದೆಯೇ ಎಂದು ನೋಡಬೇಕಾಗುತ್ತದೆ. ಹೊರಗಿನ ಭಾಗ ಸೀಳಿದರೆ ಅಥವಾ ತುಂಡಾದರೆ, ಸೀಳಿಗೂ ದೇಹಕ್ಕೂ ನಡುವೆ ಕ್ಲಾಂಪ್ ಹಾಕಬೇಕು. ಕ್ಲಾಂಪ್ ಇಲ್ಲದಿದ್ದರೆ ನಳಿಕೆಯನ್ನು ಮಡಚಿ ಬಿಗಿಯಾಗಿ ಹಿಡಿದು ತಕ್ಷಣ ತುರ್ತು ಚಿಕಿತ್ಸೆಗೆ ಹೋಗಬೇಕು. ಇದರ ಜೊತೆಗೆ ಉಸಿರಾಟದ ತೊಂದರೆ ಅಥವಾ ಎದೆನೋವು ಬಂದರೆ ಎಡ ಮಗ್ಗುಲಿಗೆ, ತಲೆ ತಗ್ಗಾಗಿರುವಂತೆ ಮಲಗಿಸಿ ಆಂಬ್ಯುಲೆನ್ಸ್ ಕರೆಯಿರಿ.

ಹೊರಗಿನ ಉದ್ದ ಬದಲಾಗಿಲ್ಲ. ಆದರೂ ಸಲೈನ್ ಹಾಕುವಾಗ ಕಿವಿಯಲ್ಲಿ ನೀರು ಹರಿದ ಶಬ್ದ ಬರುತ್ತದೆ. ಇದು ಭ್ರಮೆಯೇ?

ಭ್ರಮೆಯಲ್ಲ, ದಯವಿಟ್ಟು ಹೇಳಲು ಸಂಕೋಚಪಡಬೇಡಿ. ಹೊರಗೆ ಏನೂ ಬದಲಾಗದೆಯೇ ಒಳಗಿನ ತುದಿ ದಿಕ್ಕು ತಪ್ಪಿ ಕುತ್ತಿಗೆಯ ಅಭಿಧಮನಿಯೊಳಗೆ ತಿರುಗಬಹುದು. ಜೋರು ಕೆಮ್ಮು, ಪದೇ ಪದೇ ವಾಂತಿ, ರಭಸದ ಫ್ಲಶ್ (ನಳಿಕೆ ತೊಳೆಯಲು ಸಲೈನ್ ತಳ್ಳುವುದು) ಇದಕ್ಕೆ ಕಾರಣವಾಗುತ್ತವೆ. ಆಗ ಕಿವಿಯಲ್ಲಿ ಶಬ್ದ, ಕುತ್ತಿಗೆ ಅಥವಾ ಹೆಗಲಿನ ನೋವು ಕಾಣಿಸಬಹುದು. ತುದಿ ಹೃದಯದೊಳಗೆ ಹೆಚ್ಚು ಇಳಿದರೆ ಎದೆ ಬಡಿತ ಏರುಪೇರಾಗುತ್ತದೆ. ಇವುಗಳಲ್ಲಿ ಯಾವುದಿದ್ದರೂ ಔಷಧ ನಿಲ್ಲಿಸಿ ಎಕ್ಸ್‌ರೇ ಮಾಡಿಸುವುದು ಸರಿಯಾದ ಕ್ರಮ.

ಯಾವ ಲಕ್ಷಣ ಕಂಡರೆ ಬೆಳಗಿನವರೆಗೂ ಕಾಯಬಾರದು?

ಜ್ವರ; ಅದರಲ್ಲೂ ಲೈನಿಗೆ ಸಲೈನ್ ಹಾಕಿದ ಸ್ವಲ್ಪ ಹೊತ್ತಿನಲ್ಲೇ ಮೈ ನಡುಗುವ ಚಳಿ. ತೋಳು, ಹೆಗಲು, ಕುತ್ತಿಗೆ ಅಥವಾ ಮುಖದ ಊತ. ರಂಧ್ರದಿಂದ ಕೀವು ಅಥವಾ ನಿಲ್ಲದ ರಕ್ತ. ಉಸಿರಾಟದ ತೊಂದರೆ. ಕೀಮೋ ಪಡೆಯುತ್ತಿರುವವರಲ್ಲಿ ಬಿಳಿ ರಕ್ತಕಣಗಳು ಕಡಿಮೆ ಇರುವುದರಿಂದ ಜ್ವರದ ಮಾತ್ರೆ ನುಂಗಿ ನೋಡೋಣ ಎನ್ನುವ ಹೊತ್ತಿನಲ್ಲೇ ಸೋಂಕು ಕೈಮೀರಬಹುದು.

## ನರ್ಸ್‌ಗಳಿಗೆ, ಹೆಚ್ಚು ತಿಳಿಯಬಯಸುವವರಿಗೆ

ಡ್ರೆಸ್ಸಿಂಗ್ ಬದಲಿಸುವಾಗಲೇ ಲೈನ್ ಹೊರಬರುತ್ತದೆ ಎಂಬ ಭಯ. ಸರಿಯಾದ ಕ್ರಮ ಯಾವುದು?

ಈ ಭಯಕ್ಕೆ ಕಾರಣವಿದೆ. ಸಾಧನವನ್ನು ಬಿಚ್ಚಿದ ಆ ಕೆಲವು ನಿಮಿಷ ನಳಿಕೆಗೆ ನಿಮ್ಮ ಬೆರಳಿನ ಹೊರತು ಬೇರೆ ಆಧಾರವಿರುವುದಿಲ್ಲ. ಹಳೆಯ ಡ್ರೆಸ್ಸಿಂಗನ್ನು ಮೇಲಕ್ಕೆ ಕೀಳದೆ, ಅಂಚನ್ನು ಚರ್ಮಕ್ಕೆ ಸಮಾನಾಂತರವಾಗಿ ಹಿಗ್ಗಿಸುತ್ತ ಅಂಟು ಬಿಡಿಸಿ. ಯಾವಾಗಲೂ ನಳಿಕೆಯ ಹೊರತುದಿಯ ಕಡೆಯಿಂದ ರಂಧ್ರದ ಕಡೆಗೆ, ಅಂದರೆ ನಳಿಕೆ ಒಳಹೋಗುವ ದಿಕ್ಕಿನಲ್ಲೇ ಸಾಗಬೇಕು. ತಿರುಗುಮುರುಗಾದರೆ ನಿಮ್ಮ ಕೈಯೇ ಅದನ್ನು ಹೊರಗೆಳೆಯುತ್ತದೆ. ಇನ್ನೊಂದು ಕೈಯ ಬೆರಳು ಉದ್ದಕ್ಕೂ ನಳಿಕೆಯನ್ನು ಒತ್ತಿಹಿಡಿದಿರಲಿ. ಆಮೇಲೆ ಕೈಗವಸು ಬದಲಿಸಿ, ಆಲ್ಕೋಹಾಲ್ ಬೆರೆತ ಕ್ಲೋರ್‌ಹೆಕ್ಸಿಡೀನ್‌ನಿಂದ ಚರ್ಮವನ್ನು ಹಿಂದೆ ಮುಂದೆ ಉಜ್ಜಿ, ಒಣಗಲು ಬಿಡಿ. ಗಾಳಿ ಹಾಕಿ, ಒರೆಸಿ ಅವಸರಪಡಿಸಬಾರದು: ಒದ್ದೆ ಚರ್ಮದ ಮೇಲೆ ಅಂಟಿಸಿದ ಸಾಧನ ಎರಡೇ ದಿನದಲ್ಲಿ ಎದ್ದುಬರುತ್ತದೆ, ಒಣಗದ ದ್ರವ ಡ್ರೆಸ್ಸಿಂಗ್‌ನಡಿ ಸಿಕ್ಕಿ ಚರ್ಮವನ್ನು ಸುಡುತ್ತದೆ. ಹೊಸದನ್ನು ಅಂಟಿಸಿದ ಮೇಲೆ ಹೊರಗಿನ ಉದ್ದವನ್ನು ಅಳೆದು ಬರೆಯಿರಿ. ಬರೆಯದ ಅಳತೆ ಮುಂದಿನವರ ಪಾಲಿಗೆ ಇಲ್ಲದ ಅಳತೆ. ಊತದ ಅನುಮಾನವಿದ್ದಾಗ ತೋಳಿನ ಸುತ್ತಳತೆಯನ್ನೂ ಮೊದಲ ದಿನ ಅಳೆದ ಜಾಗದಲ್ಲೇ ಅಳೆದು ಹೋಲಿಸಬೇಕು.

ಅಂಟುವ ಸಾಧನ, ಚರ್ಮದಡಿಯ ಆಂಕರ್, ಟಿಶ್ಯೂ ಗ್ಲೂ: ಯಾವುದು ಒಳ್ಳೆಯದು?

ಎಲ್ಲರಿಗೂ ಒಂದೇ ಉತ್ತರವಿಲ್ಲ. ಅಂಟುವ ಸಾಧನ ಹಾಕುವುದು ಸುಲಭ, ಆದರೆ ವಾರಕ್ಕೊಮ್ಮೆ ಬದಲಿಸುವಾಗ ನಳಿಕೆಗೆ ಆಧಾರ ತಪ್ಪುತ್ತದೆ. ಬೆವರು ಹೆಚ್ಚಿರುವವರಲ್ಲಿ, ಚರ್ಮ ಸೂಕ್ಷ್ಮವಾಗಿರುವವರಲ್ಲಿ ಅದು ಸೋಲುತ್ತದೆ. ಚರ್ಮದಡಿಯ ಆಂಕರ್ ನಳಿಕೆಯ ರಂಧ್ರದ ಮೂಲಕವೇ ಎರಡು ಪುಟ್ಟ ಕೊಕ್ಕೆಗಳನ್ನು ಒಳಸೇರಿಸಿ ಹಿಡಿದಿಡುವ ಸಾಧನ. ಲೈನ್ ಇರುವಷ್ಟು ಕಾಲವೂ ಅದು ಅಲ್ಲೇ ಇರುತ್ತದೆ, ಆದ್ದರಿಂದ ನಳಿಕೆಯ ಸುತ್ತಲೂ ಚರ್ಮವನ್ನು ಚೆನ್ನಾಗಿ ಶುಚಿಗೊಳಿಸಬಹುದು. 15 ದಿನ ಅಥವಾ ಹೆಚ್ಚು ಕಾಲ ಇಡಬೇಕಾದ ಪಿಕ್ ಲೈನ್‌ಗಳಿಗೆ ಈ ಬಗೆಯ ಸೆಕ್ಯೂರಾಕ್ಯಾತ್ ಸಾಧನವನ್ನು ಪರಿಗಣಿಸಬೇಕೆಂದು ಚಿಕಿತ್ಸಾ ಮಾರ್ಗಸೂಚಿ ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆ 2017ರಲ್ಲಿ ಹೇಳಿತು. ಇದರ ಕಷ್ಟವೆಂದರೆ ಹಾಕುವಾಗ ಮತ್ತು ತೆಗೆಯುವಾಗ ತರಬೇತಿ ಬೇಕು. ಬಲ್ಲವರಿಲ್ಲದ ಕಡೆ ತೆಗೆಸಿಕೊಂಡರೆ ನೋವಾಗುತ್ತದೆ. ಸಯನೋಅಕ್ರಿಲೇಟ್ ಎಂಬ ಟಿಶ್ಯೂ ಗ್ಲೂ ರಂಧ್ರವನ್ನು ಮುಚ್ಚಿ ಮೊದಲ ದಿನಗಳ ರಕ್ತಸ್ರಾವವನ್ನು ತಡೆಯುತ್ತದೆ. ಲೈನ್ ಹಾಕಿದ ಮರುದಿನವೇ ರಕ್ತ ತುಂಬಿದ ಡ್ರೆಸ್ಸಿಂಗನ್ನು ಬಿಚ್ಚಬೇಕಾದ ಪ್ರಸಂಗ ಇದರಿಂದ ತಪ್ಪುವುದೇ ದೊಡ್ಡ ಲಾಭ. ನನ್ನ ಅಭಿಪ್ರಾಯದಲ್ಲಿ ಇದನ್ನು ಜೊತೆಗಾರನಾಗಿ ಬಳಸಬೇಕು, ತಿಂಗಳುಗಟ್ಟಲೆ ಇರುವ ಲೈನಿಗೆ ಒಂಟಿ ಆಧಾರವಾಗಿ ಅಲ್ಲ.

ಹಾಕುವ ಜಾಗದ ಆಯ್ಕೆಗೂ ಭದ್ರತೆಗೂ ಸಂಬಂಧವಿದೆಯೇ?

ತುಂಬಾ ಇದೆ. ಮೊಣಕೈ ಮಡಿಕೆಯಲ್ಲಿ ಹೊರಬರುವ ನಳಿಕೆಯನ್ನು ಯಾವ ಸಾಧನವೂ ಪೂರ್ತಿ ನಿಲ್ಲಿಸಲಾರದು. ಆದ್ದರಿಂದಲೇ ಅಲ್ಟ್ರಾಸೌಂಡ್ ನೋಡಿಕೊಂಡು ಮೇಲ್ತೋಳಿನ ನಡುಭಾಗದಲ್ಲಿ, ಹೆಚ್ಚಾಗಿ ಬೆಸಿಲಿಕ್ ಅಭಿಧಮನಿಯಲ್ಲಿ ಹಾಕುವುದು ಈಗಿನ ಕ್ರಮ. ನಳಿಕೆ ಅಭಿಧಮನಿಯ ವ್ಯಾಸದ ಶೇ. 45ಕ್ಕಿಂತ ಹೆಚ್ಚನ್ನು ಆಕ್ರಮಿಸದಿರಲಿ. ಇಕ್ಕಟ್ಟಾದ ನಾಳದಲ್ಲಿ ಎಷ್ಟೇ ಭದ್ರಪಡಿಸಿದರೂ ರಕ್ತ ಹೆಪ್ಪುಗಟ್ಟುತ್ತದೆ. ನಳಿಕೆಯ ದಪ್ಪ ಹೇಳುವ ಫ್ರೆಂಚ್ ಅಳತೆಯಲ್ಲಿ 3 ಫ್ರೆಂಚ್ ಎಂದರೆ 1 ಮಿಲಿಮೀಟರ್. 4 ಫ್ರೆಂಚ್ ಲೈನಿಗೆ ಕನಿಷ್ಠ 3 ಮಿಲಿಮೀಟರ್ ವ್ಯಾಸದ ಅಭಿಧಮನಿ ಬೇಕೆಂದು ಇದರಿಂದ ಲೆಕ್ಕ ಹಾಕಬಹುದು. ತೋಳಿನ ಭಂಗಿ ಬದಲಾದರೆ ತುದಿ ಸುಮಾರು 2 ಸೆಂಟಿಮೀಟರ್‌ನಷ್ಟು ಸರಿಯುತ್ತದೆ ಎಂಬುದನ್ನೂ ಎಕ್ಸ್‌ರೇ ಓದುವಾಗ ನೆನಪಿಡಬೇಕು.

ಎಲ್ಲ ಮಾಡಿದರೂ ಒಬ್ಬರಲ್ಲಿ ಮತ್ತೆ ಮತ್ತೆ ಜಾರುತ್ತಿದೆ. ಮುಂದೇನು?

ಮತ್ತೊಂದು ಪದರ ಟೇಪ್ ಸುತ್ತುವ ಮೊದಲು ಕಾರಣ ಹುಡುಕಿ. ಗೊಂದಲದಲ್ಲಿರುವ ವೃದ್ಧರು ಕೈಗೆ ಸಿಕ್ಕಿದ್ದನ್ನು ಎಳೆಯುತ್ತಿದ್ದಾರೆಯೇ, ಡ್ರಿಪ್ ಸೆಟ್‌ನ ಭಾರ ನೇರವಾಗಿ ನಳಿಕೆಯ ಮೇಲೆ ಬೀಳುತ್ತಿದೆಯೇ, ಚರ್ಮದ ಮೇಲೆ ಎಣ್ಣೆ ಅಥವಾ ಲೋಷನ್ ಉಳಿದಿದೆಯೇ, ಚರ್ಮ ಒಣಗುವ ಮೊದಲೇ ಅಂಟಿಸಲಾಗುತ್ತಿದೆಯೇ ಎಂದು ಒಂದೊಂದಾಗಿ ನೋಡಿ. ಕಾರಣ ಚರ್ಮದಲ್ಲೇ ಇದ್ದರೆ ಅಂಟನ್ನು ನೆಚ್ಚದ ಆಂಕರ್‌ಗೆ ಬದಲಾಗಬಹುದು. ಚಿಕಿತ್ಸೆ ಇನ್ನೂ ತಿಂಗಳುಗಟ್ಟಲೆ ಉಳಿದಿದ್ದರೆ ಕಫ್ ಇರುವ ಸುರಂಗದ ಲೈನ್ ಅಥವಾ ಪೋರ್ಟ್ ಸೂಕ್ತವೇ ಎಂದು ವೈದ್ಯರೊಡನೆ ಚರ್ಚಿಸಬೇಕು. ಚಿಕಿತ್ಸೆ ಮುಗಿಯುತ್ತ ಬಂದಿದ್ದರೆ, ಬಾಯಿಂದ ನುಂಗುವ ಔಷಧ ಸಾಕಾಗುವ ಹಂತ ತಲುಪಿದ್ದರೆ, ಲೈನ್ ಇನ್ನೂ ಬೇಕೇ ಎಂದು ಆ ದಿನವೇ ಕೇಳಿ, ಬೇಡವಾದರೆ ತೆಗೆಸಿಬಿಡಿ.